ತೂತು ಎಲ್ಲಿ ಕೊರೆಯಬೇಕು?

ಮಾನ್ಯ ವಾಚಕ ಮಹಾಶಯರೆ, ಹಿಮದ ಇಳಿಜಾರಿನಲ್ಲಿ ಹಕ್ಕಿಯಂತೆ ಜಾರಿಹೋಗುವವರ ಚಿತ್ರಗಳನ್ನು ತಾವು ಅನೇಕ ಬಾರಿ ಅವಲೋಕಿಸಿರುವಿರಿ. ಆದರೆ ಅವರ ಬೂಟನ್ನು ಸ್ಕೀ ಹಲಗೆಗೆ ಕಚ್ಚಿ ಹಿಡಿದಿರುವ ಪುಟ್ಟ ಬೈಂಡಿಂಗಿನ ಕಡೆಗೆ, ಅದನ್ನು ಅಲ್ಲಿ ಕೂರಿಸಿದ ಕೈಗಳ ಕಡೆಗೆ ತಮ್ಮ ಗಮನ ಹರಿದಿರುವ ಸಂಭವ ಕಡಿಮೆ. ಅಂಥ ಎರಡು ಕೈಗಳ ಬಳಿಗೆ ತಮ್ಮನ್ನು ಕರೆದೊಯ್ಯಲು ಅಪ್ಪಣೆಯಾಗಲಿ.

ನಾರ್ವೆಯ ಸ್ಕೋರ್ದಾಲ್ ಕಣಿವೆಯಲ್ಲಿ ಈಸ್ಟರ್ ಹಬ್ಬದ ಶನಿವಾರ ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಗುನ್‌ವೋರ್ ಅಡುಗೆಮನೆಯ ಮೇಜಿನ ಮೇಲೆ ಉಕ್ಕಿನ ಅಡಿಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದಕ್ಕೆ ಅಡ್ಡಲಾಗಿ ಮರದ ಸ್ಕೀಯೊಂದನ್ನಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಹಲಗೆ ಮುಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲುತ್ತದೆ, ಕೊನೆಗೆ ಯಾವ ಕಡೆಗೂ ವಾಲದೆ ನಿಲ್ಲುತ್ತದೆ. ಅಲ್ಲೊಂದು ಪೆನ್ಸಿಲ್ ಗೆರೆ. ಬೂಟಿನ ತುದಿ ಕೂರಬೇಕಾದದ್ದು ಆ ಗೆರೆಯ ಮೇಲೆ.

"ಇನ್ನೂ ತೂಗ್ತಾನೇ ಇದೀಯಾ? ಚಿನ್ನದಂಗಡಿ ಇಟ್ಟಿದೀಯೇನೇ?" ಎನ್ನುತ್ತಾರೆ ಒಲೆಯ ಪಕ್ಕ ಕಾಫಿ ಹೀರುತ್ತ ಕುಳಿತಿರುವ ನೆರೆಮನೆಯ ಹಾಲ್ದಿಸ್. ವಯಸ್ಸು ಎಂಬತ್ತರ ಹತ್ತಿರ. ಹೊಸ ಬೂಟನ್ನು ಆಗಲೇ ತೊಟ್ಟು ಕೂತಿದ್ದಾರೆ.

"ನೀನು ಸುಮ್ನೆ ಕಾಫಿ ಕುಡಿ, ಮುದುಕಿ. ತೂತು ಕೊರೆದ್ಮೇಲೆ ವಾಪಸ್ ತಗೊಳ್ಳಕ್ಕಾಗಲ್ಲ."

ಕಣಿವೆಯ ಹಿರಿಯರ ತಂಡ ಇಂದು ಬೆಳಿಗ್ಗೆ ದಿಬ್ಬದ ಮೇಲಿನ ಮರದ ಮನೆಗೆ ಸ್ಕೀ ಕಟ್ಟಿಕೊಂಡು ಹೊರಡುತ್ತದೆ. ಕಳೆದ ಶರತ್ಕಾಲದಲ್ಲಿ ಹಾಲ್ದಿಸರ ಸೊಂಟದ ಒಂದು ಕೀಲನ್ನು ತೆಗೆದು ಹೊಸದು ಕೂರಿಸುವ ಆಪರೇಷನ್ ಆಗಿದೆ. ಡಾಕ್ಟರು ಹೋಗಬಹುದೆಂದಿದ್ದಾರೆ. ಗೆಳತಿಯರು ಮಾತ್ರ ಅವರಿಗೆಂದು ಹಿಮಬೈಕಿನ ಹಿಂದೆ ಜಾರುಬಂಡಿಯೊಂದನ್ನು ಗೊತ್ತುಮಾಡಿದ್ದಾರೆ. "ಹೆಣ ಸಾಗಿಸೋ ಹಾಗೆ ಮಲಗಿಸ್ಕೊಂಡು ಹೋಗ್ತಾರಂತೆ! ಅದಕ್ಕಿಂತ ಮನೇಲಿ ಒಬ್ಳೇ ಕೂತು ಹಬ್ಬದ ಕಿತ್ತಳೆ ಸುಲೀತೀನಿ," ಎನ್ನುತ್ತಾರೆ ಹಾಲ್ದಿಸ್.

ಆದರೆ ಗುರುವಾರ ಅವರ ಹಳೆಯ ಬೂಟಿನ ಅಟ್ಟೆ ಕಿತ್ತುಬಂತು. ಕ್ರಿಸ್‌ಮಸ್‌ಗೆ ಮಗಳು ಕೊಟ್ಟ ಹೊಸ ಬೂಟು ಹಳೆಯ ಬೈಂಡಿಂಗಿಗೆ ಕೂರದು. ಬೇರೆಯವರ ಸ್ಕೀ ಎರವಲು ತರೋಣವೆಂದರೆ ಹಾಲ್ದಿಸ್ ತೀರ ಹಗುರ. ಅವರ ಭಾರಕ್ಕೆ ಹಲಗೆಯ ನಡುವಿನ ಬಿಲ್ಲಿನಂಥ ಬಾಗು ತಗ್ಗಿ ಹಿಮವನ್ನು ಕಚ್ಚದೆ, ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಉಳಿದಿರುವುದು ಅವರದೇ ಹಳೆಯ ಈ ಒಂದೇ ಜೊತೆ. ಇದಕ್ಕೆ ಈಗಾಗಲೇ ಎರಡು ಸಲ ತೂತು ಬಿದ್ದಿದೆ. ಆ ತೂತುಗಳಿಗೆ ಗುನ್‌ವೋರ್ ಬರ್ಚ್ ಮರದ ಬೆಣೆ ಬಡಿದು, ಅಂಟು ಹಾಕಿ ಒಣಗಿಸಿದ್ದಾರೆ. ಈ ಸಲ ತಪ್ಪಿದರೆ ತಿರುಪು ಕಚ್ಚಲು ಗಟ್ಟಿ ಮರವೇ ಉಳಿಯುವುದಿಲ್ಲ.

ಗುನ್‌ವೋರ್ ಹಗಲಲ್ಲಿ ವೃದ್ಧರ ಆರೈಕೆ ಮನೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವವರು. ಸ್ಕೀ ಕೆಲಸ ಅವರಿಗೆ ಯಾರೂ ಕಲಿಸಿದ್ದಲ್ಲ. ಕಣಿವೆಯಲ್ಲಿದ್ದ ಸ್ಕೀ ಅಂಗಡಿ ಮುಚ್ಚಿತು. ಪಕ್ಕದ ಪೇಟೆಗೆ ಹೋಗುವ ಘಾಟಿ ರಸ್ತೆ ಬಿರುಗಾಳಿ ಎದ್ದಾಗಲೆಲ್ಲ ಮುಚ್ಚುತ್ತದೆ. ಕಸದ ರಾಶಿಯಿಂದ ಮುರಿದ ಹಲಗೆಗಳನ್ನು ಹೆಕ್ಕಿ ತಂದು, ಅವುಗಳ ಮೇಲೆ ಬೈರಿಗೆ ಆಡಿಸಿ ಕಲಿತರು. ಮೊದಮೊದಲು ಬೈರಿಗೆ ತಳದಿಂದ ಆಚೆ ಬರುತ್ತಿತ್ತು. ಈಗ ಬೈರಿಗೆಯ ಅಲಗಿಗೆ ಟೇಪು ಸುತ್ತುತ್ತಾರೆ. ಟೇಪು ಮರವನ್ನು ಮುಟ್ಟಿದೊಡನೆ ಕೈ ನಿಲ್ಲುತ್ತದೆ. ತಳದಲ್ಲಿ ಕಲ್ಲು ಗೀರಿದ ಪ್ಲಾಸ್ಟಿಕ್ ಸ್ಕೀಗಳಿಗೆ ಪ್ಲಾಸ್ಟಿಕ್ ಕಡ್ಡಿ ಹೊತ್ತಿಸಿ, ತೊಟ್ಟಿಕ್ಕಿಸಿ, ಆರಿದ ಮೇಲೆ ಹೆರೆದು ನಯ ಮಾಡುತ್ತಾರೆ.

"ಇವಳು ಮೊದಲು ಪ್ರಯೋಗ ಮಾಡಿದ್ದು ನನ್ನ ಮೇಲೆ," ಎನ್ನುತ್ತಾರೆ ಬ್ರೆಡ್ಡಿಗೆ ಕಂದು ಚೀಸ್ ಹೆರೆಯುತ್ತಿರುವ ಗಂಡ ಐಲಿಫ್. "ಒಂದು ಹಲಗೇನ ಹಳೇ ಬೈಂಡಿಂಗ್ ಸಮೇತ ತೂಗಿದ್ಳು, ಇನ್ನೊಂದನ್ನ ಬಿಚ್ಚಿ ತೂಗಿದ್ಳು. ಇಡೀ ಈಸ್ಟರ್ ನನ್ನ ಬಲಗಾಲು ಮುಂದೆ, ನಾನು ಹಿಂದೆ!"

ಅಂದಿನಿಂದ ಗುನ್‌ವೋರ್ ಬೈರಿಗೆ ಎತ್ತುವ ಮೊದಲು ಎರಡೂ ಹಲಗೆಗಳನ್ನು ತಳಕ್ಕೆ ತಳ ಸೇರಿಸಿ ಗೆರೆ ನೋಡುತ್ತಾರೆ. ಇಂದೂ ಸೇರಿಸುತ್ತಾರೆ. ಗೆರೆಗಳು ಕೂಡುತ್ತಿಲ್ಲ. ಎಡ ಹಲಗೆಯದು ಹೆಬ್ಬೆರಳಿನಗಲ ಮುಂದಿದೆ.

ಕಾರಣ ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎಡ ಹಲಗೆಯ ಮೂತಿ ಎಂದೋ ಮುರಿದಾಗ ಯಾರೋ ತಗಡು ಸುತ್ತಿ ಮೊಳೆ ಹೊಡೆದಿದ್ದಾರೆ. ಆ ಭಾರ ತೂಕವನ್ನು ಮುಂದಕ್ಕೆ ಎಳೆದಿದೆ. ಹಲಗೆಯ ತೂಕವನ್ನು ನಂಬಿದರೆ ಹಾಲ್ದಿಸರ ಎಡಗಾಲು ಮುಂದಾಗುತ್ತದೆ. ಬಲ ಹಲಗೆಯ ಗೆರೆಗೆ ಸಮ ಮಾಡಿದರೆ ಎಡ ಹಲಗೆ ಪ್ರತಿ ಹೆಜ್ಜೆಗೂ ಮೂತಿ ಇಳಿಬಿಡುತ್ತದೆ.

"ಅದು ಯಾವಾಗ್ಲೂ ಮೂಗು ಕೆಳಗೆ ಹಾಕ್ಕೊಂಡೇ ಬರೋದು," ಎನ್ನುತ್ತಾರೆ ಹಾಲ್ದಿಸ್. "ನಾನು ಹೆಬ್ಬೆರಳಲ್ಲಿ ಎತ್ಕೊಂಡೇ ನಡೆಯೋದು. ಈಗ ನೀನು ಅದನ್ನ ತಿದ್ದಕ್ಕೆ ಹೋಗ್ಬೇಡ."

"ಎತ್ತೀ ಎತ್ತೀ ಹೊಸ ಸೊಂಟ ನೋಯಲ್ವಾ?"

"ಅಯ್ಯೋ ಪೆದ್ದಿ, ಹೊಸ ಸೊಂಟ ಬಲಗಡೇದು!"

ಐಲಿಫ್ ನಗುತ್ತಾರೆ. ಗುನ್‌ವೋರ್ ನಗುವುದಿಲ್ಲ. ಬಲ ಬೂಟನ್ನು ಅದರ ಗೆರೆಯ ಮೇಲೆ, ಎಡ ಬೂಟನ್ನು ಎಡ ಹಲಗೆಯದೇ ಗೆರೆಯ ಮೇಲೆ ಬೆಲ್ಟಿನಿಂದ ಬಿಗಿದು, ಹಾಲ್ದಿಸರ ತೋಳು ಹಿಡಿದು ಅಂಗಳದ ಹಿಮಕ್ಕೆ ಇಳಿಸುತ್ತಾರೆ. ಕೆಲವೇ ಹೆಜ್ಜೆ, ಎಡ ಹಲಗೆಯ ಬಾಲ ಬಲ ಹಲಗೆಗೆ ತಗುಲಿ ಹಾಲ್ದಿಸ್ ತೂರಾಡುತ್ತಾರೆ. ಬೆಲ್ಟು ಬಿಚ್ಚಿ, ಎಡ ಬೂಟನ್ನು ಬಲದ ಗೆರೆಗೆ ಸಮನಾಗಿ ಮತ್ತೆ ಬಿಗಿಯುತ್ತಾರೆ. ಈ ಸಲ ಹಾಲ್ದಿಸ್ ಸೌದೆಮನೆಯವರೆಗೆ ಹೋಗಿ, ತಿರುಗಿ, ಯಾರ ಆಸರೆಯೂ ಇಲ್ಲದೆ ಬರುತ್ತಾರೆ.

"ಪುಸ್ತಕದ ಪ್ರಕಾರ ಇದು ತಪ್ಪು," ಎನ್ನುತ್ತ ಗುನ್‌ವೋರ್ ಎಡ ಹಲಗೆಯ ಗೆರೆಯನ್ನು ಅಳಿಸುತ್ತಾರೆ. "ಆದ್ರೆ ಪುಸ್ತಕ ಈ ಕಾಲಿಂದ ಯಾವತ್ತೂ ನಡೆದಿಲ್ವಲ್ಲ."

ಮತ್ತೆ ಮೇಜಿನ ಬಳಿ ಬೈರಿಗೆ ಗುಂಯ್‌ಗುಡುತ್ತದೆ, ಟೇಪು ಮರವನ್ನು ಮುಟ್ಟುತ್ತದೆ, ಕೈ ನಿಲ್ಲುತ್ತದೆ. ತೂತಿಗೆ ಅಂಟು, ಅಂಟಿನೊಳಗೆ ತಿರುಪು. ಕೊನೆಯ ಸುತ್ತುಗಳನ್ನು ಅವರು ಕೈಯಲ್ಲೇ ತಿರುಗಿಸುತ್ತಾರೆ, ಕಿವಿಯನ್ನು ಹಲಗೆಯ ಹತ್ತಿರ ಇಟ್ಟು. ಮರ ಸೀಳುವ ಸದ್ದು ಬರುವುದಿಲ್ಲ.

ಹೊರಗೆ ತಂಡದವರು ಕೂಗುತ್ತಿದ್ದಾರೆ. ಹಾಲ್ದಿಸ್ ಬೂಟಿನ ತುದಿಯನ್ನು ಒತ್ತುತ್ತಾರೆ, ಬೈಂಡಿಂಗ್ ಕಟ್ ಎಂದು ಕಚ್ಚುತ್ತದೆ, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಹೊರಟೇಬಿಡುತ್ತಾರೆ. ಗುನ್‌ವೋರ್ ಮೆಟ್ಟಿಲ ಮೇಲೆ ನಿಂತು, ಏರು ಹತ್ತುವ ಆ ಹಿಮ್ಮಡಿಗಳನ್ನೇ ನೋಡುತ್ತಾರೆ.

"ಕಾಲಿಗೆ ಏನೋ ಕಟ್ಟಿದೆ ಅನ್ನೋದೇ ಅವಳಿಗೆ ಮರೆತು ಹೋಗ್ಬೇಕು," ಎನ್ನುತ್ತಾರೆ. "ದಾರಿ ಉದ್ದಕ್ಕೂ ಒಂದ್ಸಲವೂ ನನ್ನ ನೆನಪು ಬರಬಾರ್ದು. ಅಷ್ಟಾದ್ರೆ ಸಾಕು."

ಬೆಳಕು ಹರಿದಿದೆ. ಕೆಳದಾರಿಯಲ್ಲಿ ಬಸ್ಸು ಬರುವ ಹೊತ್ತು. ಈ ಲೇಖಕನೂ ಕಾಫಿಯ ಲೋಟ ತೊಳೆದಿಟ್ಟು, ಚೀಲದ ಬಾಯಿ ಬಿಗಿದು, ಹೆಗಲಿಗೇರಿಸಿ ಹೊರಡುತ್ತಾನೆ.