ಹಿಂದಿನ ಗೂಟ ಮುಂದಕ್ಕೆ

ನಿಮ್ಮ ರಕ್ತದೊಳಗೂ ಹಟ್ಟಿ ಕಿತ್ತು ಹಟ್ಟಿ ಹೂಡುತ್ತ ತಿರುಗುವವರಿದ್ದಾರೆ, ಗೊತ್ತೇನು? ಗೊತ್ತಿರಲಿಕ್ಕಿಲ್ಲ. ಕುರಿ ಕಾಯುವ ನನಗೆ ತೊಂಬತ್ತರ ದಶಕದಲ್ಲೇ ಗೊತ್ತಿತ್ತು!

ಆಗ ನನ್ನ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ನಾವು ದಿಗ್ಗೇವಾಡಿಯ ಒಬ್ಬ ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದೆವು. ಗೊಬ್ಬರ ಹೊಲದ ತುಂಬ ಬೀಳಬೇಕಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಕುರಿಗಳ ಸುತ್ತ ಗೂಟ ನೆಟ್ಟು ಕಟ್ಟಿದ ಹಟ್ಟಿಯ ಬಲೆಯನ್ನು ಹಿಂದಿನಿಂದ ಬಿಚ್ಚಿ ಮುಂದೆ ಕಟ್ಟುತ್ತಿದ್ದೆವು. ಮಗಳು ಅಪ್ಪನ ಒಪ್ಪಿಗೆ ಕೇಳಲು ಅಲ್ಲಿಗೇ ಬಂದಳು.

“ಏನ್ ಕಲೀತಿ ಅನ್ನೂದು ನನಗ ತಿಳಿಯುವಂಗ ಹೇಳು. ತಿಳೀತಂದ್ರ ಹೋಗು. ಇಲ್ಲಾಂದ್ರ ನಿನ್ನ ಕೇಳಾಕ ಬಂದ ಏಕಸಂಬಿ ವರಗ ಹೂಂ ಅಂತೀನಿ,” ಅಂದರು ನಮ್ಮ ಯಜಮಾನರು.

“ರಕ್ತದಾಗ ಬಿಳಿ ಕಣ ಇರ್ತಾವಪ್ಪಾ. ರೋಗ ಬಂದಲ್ಲಿ ಹೋಗಿ ಬಡೀತಾವ. ಅವುಗಳ ಒಳಗ ಪ್ರೋಟೀನಿನ ಎಳಿ…”

“ಕೈಕಾಲಿಲ್ಲದ್ದು ಹೆಂಗ ಹೋಗ್ತೈತಿ?”

ಮಗಳು ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸಹೊರಟಳು; ಅವರಿಗೆ ಅದು ತಿಳಿಯಲಿಲ್ಲ. ನಾನು ಅವಳ ಕೈಗೊಂದು ಗೂಟ ತುರುಕಿದೆ. “ಮಾತು ಸಾಕು, ಹಟ್ಟಿ ಸರಸು ಬಾ.”

ಅವಳು ಹಿಂದಿನ ಗೂಟ ಕಿತ್ತು ಮುಂದೆ ನೆಟ್ಟಳು. ಇನ್ನೊಂದು ಕಿತ್ತವಳು ಹಾಗೇ ನಿಂತುಬಿಟ್ಟಳು.

“ಅಪ್ಪಾ, ಹಿಂಗ ನೋಡು! ಎಳಿ ಹಿಂದ ಬಿಚ್ಚತಾವ, ಮುಂದ ಕೂಡತಾವ. ಕಣ ಮುಂದ ಸರೀತೈತಿ!”

ಯಜಮಾನರು ಬೀಡಿ ಆರಿಸಿದರು. “ಎಲ್ಲಾ ಗೂಟಾ ಒಮ್ಮೆಲೇ ಕಿತ್ತರ?”

“ಕಣ ಕುಸದು ಸಾಯ್ತೈತಿ. ಮೈ ಕಾಯವ್ರ ಇರೂದಿಲ್ಲ.”

“ಒಂದೂ ಕೀಳದಿದ್ರ?”

“ನಿಂತಲ್ಲೇ ನಿಲ್ತೈತಿ, ಸಾಯೂದೂ ಇಲ್ಲ. ಕೆಲಸ ಮುಗದ ಕಣ ಸಾಯಾಕೂ ಬೇಕಪ್ಪಾ. ಇಲ್ಲಾಂದ್ರ ನಮ್ಮ ಕಾವಲು ನಾಯಿನೇ ನಮ್ಮ ಕುರಿ ಕಡದಂಗ ಆಗ್ತೈತಿ. ಬದುಕೂದು, ಸಾಯೂದು, ಎರಡಕ್ಕೂ ಆ ಎಳಿ ಬೇಕ.”

ಅವರು ಬಲೆಯ ಹಗ್ಗವನ್ನು ಜಗ್ಗಿ ನೋಡಿದರು. “ಮತ್ತ ಆ ಎಳಿ ಎಷ್ಟ ಬಿಗಿ ಇರಬೇಕು?”

“ಅದು ಗೊತ್ತಿಲ್ಲ. ಅದನ್ನ ಹುಡುಕಾಕ ಹೊಂಟೀನಿ.”

ಯಜಮಾನರು ಹಗ್ಗ ಕೈಬಿಟ್ಟರು. “ಹೋಗು,” ಅಂದರು.

ಈಗ ಅವಳ ಹೆಸರಿನ ಮುಂದೆ ಡಾಕ್ಟರ್ ಅಂತಿದೆ. ಫೋನಿನಲ್ಲಿ ನಾನು ಮೊದಲು ಒತ್ತಿ ಕಲಿತ ಪದವೂ ಅದೇ. ಆದರೆ ಅವತ್ತು ಹೆಮ್ಮೆ ತಡೆಯಲಾಗದೆ ಸೊಂಟಕ್ಕೆ ಕೈಯಿಟ್ಟು ಅಂದಿದ್ದೆ: “ಗೂಟ ಕೊಟ್ಟಾಕಿ ನಾನು. ಅರ್ಧ ಡಿಗ್ರಿ ನಂದು!”

ಯಜಮಾನರು ಕೋಲು ಹಿಡಿದು ಓಡುತ್ತಲೇ ಕೂಗಿದರು: “ಡಿಗ್ರಿ ಆಮ್ಯಾಲ ತಗೊಳ್ಳುವಿಯಂತ! ಅರ್ಧ ಹಟ್ಟಿ ಬಿಚ್ಚಿಟ್ಟು ನಿಂತೀದಿ, ಕುರಿ ಪಕ್ಕದವ್ರ ಕಬ್ಬಿಗೆ ಹೊಂಟಾವ ನೋಡು!”