ಇವರು ಹೇಳ್ಲಿ ಅಂತ

ಟಿವಿಯ ಕ್ವಿಜ್‌ನಲ್ಲಿ ಪೆರು ದೇಶದ ರಾಜಧಾನಿ ಯಾವುದೆಂದು ಕೇಳಿದರು. ಸ್ಕಾರ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಶಾರದಕ್ಕ, ಎಂಬತ್ತು ದಾಟಿದ ನಿವೃತ್ತ ನರ್ಸ್, ತಮ್ಮ ಹಾಲ್‌ನ ಖಾಲಿ ಕುರ್ಚಿಯತ್ತ ತಿರುಗಿದರು.

“ಗೊತ್ತಾಗ್ಲಿಲ್ವಾ ಅಕ್ಕಾ?” ಎಂದೆ.

“ಗೊತ್ತುಂಟು ಮಾರಾಯ್ತಿ, ಲೀಮಾ. ಇವರು ಹೇಳ್ಲಿ ಅಂತ ಕಾದದ್ದು.”

ಅವರ ಗಂಡ ತೀರಿಕೊಂಡು ವರ್ಷವಾಗಿದೆ. ಮದುವೆಯಾದ ಹೊಸತರಲ್ಲಿ, ಈ ದೇಶಕ್ಕೆ ಬರುವ ಮೊದಲು, ಇಬ್ಬರೂ ಇಂಗ್ಲೆಂಡಿನಲ್ಲಿದ್ದರಂತೆ. ಬಾಡಿಗೆ ಮನೆಯ ಒಡತಿ ತನ್ನ ಕಪ್ಪುಬಿಳುಪು ಟಿವಿಯಲ್ಲಿ ಕ್ವಿಜ್ ನೋಡಲು ವಾರವಾರವೂ ಕರೆಯುತ್ತಿದ್ದಳು. ಸ್ಪರ್ಧಿಗಳಿಗಿಂತ ಮೊದಲೇ ಗಂಡ ಉತ್ತರ ಹೇಳಿಬಿಡುತ್ತಿದ್ದರು.

“ನಂಗೂ ಒಂದು ಛಾನ್ಸ್ ಕೊಡಿ ಅಂತ ಎಷ್ಟು ಜಗಳ ಮಾಡಿದ್ದೇನೆ! ಈಗ ಎಲ್ಲಾ ಛಾನ್ಸೂ ನಂದೇ,” ಎಂದು ನಕ್ಕರು.

ಮುಂದಿನ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡದೆ, ಅವರ ಜೊತೆ ನಾನೂ ಕಾದೆ.