ಮಾಳಮ್ಮನ ಸಲಹೆ, ದೊಡ್ಡಾಕಿಯ ಒಪ್ಪಿಗೆ

ದೋರನಹಳ್ಳಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಒಂದು ಸಂಗತಿಯನ್ನು ಬಿಡುವಂತಿಲ್ಲ. ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ, ಬೆಳಕು ಹರಿಯುವ ಹೊತ್ತಿಗೆ, ನಿವೃತ್ತ ಶಿಕ್ಷಕ ಮರಿಲಿಂಗಪ್ಪನವರ ಹೊಲದಲ್ಲಿ ಮಲಗಿದ್ದ ಕುರಿಯೊಂದು ಎದ್ದಿತು. ಎದ್ದು ಒಂಬತ್ತು ಹೆಜ್ಜೆ ಮೇಲಕ್ಕೆ ನಡೆದು ಮತ್ತೆ ಮಲಗಿತು. ಅದನ್ನು ನೋಡಿ ಉಳಿದ ಆರೂ ಎದ್ದವು. ಯಾವ ಪತ್ರಿಕೆಯೂ ಇದನ್ನು ವರದಿ ಮಾಡಲಿಲ್ಲ. ಆದರೆ ಆ ಒಂಬತ್ತು ಹೆಜ್ಜೆಗಳಿಂದ ಎರಡು ಎಕರೆ ಎರೆಭೂಮಿಯ ಹಣೆಬರಹ ಬದಲಾಯಿತು, ಒಬ್ಬ ಮೇಷ್ಟ್ರು ಒಬ್ಬ ಹೆಂಗಸಿನೊಡನೆ ಮೂರು ತಿಂಗಳು ಮಾತು ಬಿಟ್ಟರು, ಕಕ್ಕೇರಾದ ಬೇವಿನ ಮರವೊಂದರಿಂದ ಒಂದು ಬೋರ್ಡು ಇನ್ನೇನು ಕೆಳಗಿಳಿಯುವುದರಲ್ಲಿತ್ತು.

ಆ ಹೆಂಗಸು, ಐವತ್ತಮೂರರ ಮಾಳಮ್ಮ, ಇವತ್ತು ಮತ್ತೆ ಅದೇ ಹೊಲದ ಬದುವಿನ ಮೇಲೆ ಕುಳಿತಿದ್ದಾರೆ. ಕೌದಿ ಹೊದ್ದ ಗಂಡ ಹಣಮಂತ್ರಾಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಕಾಲುವೆಗೆ ನೀರು ಬಿಟ್ಟು ಇಪ್ಪತ್ತು ದಿನವಾಗಿದೆ. ಅದರ ಕಡೆಯಿಂದ ಎದ್ದ ಬಿಳಿ ಮಂಜು ಮೇಲಿನ ಹೊಲದವರ ಭತ್ತದ ಗದ್ದೆಯನ್ನು ಮುಚ್ಚಿ, ನಿಧಾನಕ್ಕೆ ಇತ್ತ ಇಳಿಯುತ್ತಿದೆ. ಮಂಜಿನೊಳಗೆ ಬೆಳ್ಳಕ್ಕಿಗಳು ಇವೆಯೋ, ಮಂಜೇ ಅಲ್ಲಲ್ಲಿ ಗಟ್ಟಿಯಾಗಿದೆಯೋ ಹೇಳುವುದು ಕಷ್ಟ. ಕೆಳಗಿನ ಎರಡು ಎಕರೆಯಲ್ಲಿ ಏಳು ಕೆಂಗುರಿಗಳು ಕೆಂಪು ಕಲ್ಲುಗಳಂತೆ ಮಲಗಿವೆ. ನಡುವೆ ಇರುವುದು ದೊಡ್ಡಾಕಿ. ಏಳು ವರ್ಷದವಳು, ಎಡಗಿವಿ ಹರಿದವಳು, ಈ ಸಂಸ್ಥೆಯ ಹಿರಿಯ ಪಾಲುದಾರಳು.

ಸಂಸ್ಥೆ ಎಂದರೆ ಸಲಹಾ ಸಂಸ್ಥೆ. ನೀರಾವರಿ ಹೊಲದಲ್ಲಿ ಎಲ್ಲಿ ಜವಳು ಏಳುತ್ತದೆ, ಅಂದರೆ ಎಲ್ಲಿ ಅಡಿಯ ನೀರು ಮೇಲೇರಿ ಬೇರು ಕೊಳೆಸಿ ನೆಲದ ಮೇಲೆ ಉಪ್ಪು ಬಿಡುತ್ತದೆ ಎಂದು ಮೊದಲೇ ಹೇಳುವುದು ಅದರ ಕೆಲಸ. ಕಚೇರಿ ಇಲ್ಲ, ಕುರ್ಚಿ ಇಲ್ಲ. ಕುರಿ ಮಲಗುತ್ತವೆ, ಮಾಳಮ್ಮ ನೋಡುತ್ತಾರೆ.

"ಕುರಿ ಹಸಿ ನೆಲದಾಗ ಮಲಗಂಗಿಲ್ರಿ. ಮ್ಯಾಲ ಒಣಗಿ ಬಿರುಕು ಬಿಟ್ಟಿದ್ರೂ ಅಡಿಯಾಗ ತಂಪಿದ್ರ ಅದರ ಹೊಟ್ಟಿಗೆ ತಿಳೀತೈತಿ. ನಮಗ ತಿಳಿಯೂದು ಬೆಳಿ ಸತ್ತ ಮ್ಯಾಲ," ಎನ್ನುತ್ತಾರೆ.

ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಮದುವೆಯಾಗಿ ಕಕ್ಕೇರಾಕ್ಕೆ ಬಂದ ವರ್ಷವೇ ಕಾಲುವೆಯೂ ಬಂತು. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಿದ್ದರು. ಹಿಂಡು ರಾತ್ರಿಯೆಲ್ಲ ಅಲ್ಲೇ ಮಲಗಿ ಹಿಕ್ಕೆ ಹಾಕಬೇಕು, ಪ್ರತಿಯಾಗಿ ಕುರುಬರಿಗೆ ಜೋಳ. ಬೆಳಗ್ಗೆ ಹಿಕ್ಕೆ ಎಲ್ಲ ಕಡೆ ಸಮನಾಗಿ ಬಿದ್ದಿದೆಯೇ ಎಂದು ನೋಡುವ ಕೆಲಸ ಹೊಸ ಸೊಸೆಯದು. ಕೆಲವು ಹೊಲಗಳಲ್ಲಿ ನಡುವೆಯೇ ಬೋಳು ಜಾಗವಿರುತ್ತಿತ್ತು. ಎಷ್ಟು ಅಟ್ಟಿದರೂ ಕುರಿ ಅಲ್ಲಿ ಮಲಗುತ್ತಿರಲಿಲ್ಲ. ಗೊಬ್ಬರ ಸರಿಯಾಗಿ ಬೀಳಲಿಲ್ಲವೆಂದು ರೈತನಿಂದ ಬೈಗುಳ. ಎರಡು ಮೂರು ವರ್ಷ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಆ ಬೋಳು ಜಾಗದಲ್ಲೇ ಬೆಳ್ಳನೆಯ ಉಪ್ಪು, ಬೆಳದಿಂಗಳು ಅಲ್ಲೇ ಬಿದ್ದು ಉಳಿದ ಹಾಗೆ. ಇಂಥ ಜಾಗಗಳನ್ನು ಮಾಳಮ್ಮ ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡರು. ಕಣ್ಣು ಮುಚ್ಚಿದರೆ ಇಂದಿಗೂ ಎರಡು ನಾಡು ಒಂದರ ಮೇಲೊಂದು ಕಾಣುತ್ತವಂತೆ: ಕೆಳಗೆ ಬಿಳಿಜೋಳದ ಒಣ ನಾಡು, ಅದರ ಮೇಲೆ ನೀರಿನಲ್ಲಿ ತೇಲುವ ಹಸಿರು ನಾಡು.

ಮೊದಲು ಅವರು ಹೇಳುವುದನ್ನೆಲ್ಲ ಪುಕ್ಕಟೆ ಹೇಳುತ್ತಿದ್ದರು. ಚಹಾದ ಹೋಟೆಲ್ಲಿನ ಮುಂದೆ ನಿಂತು "ಆ ಮೂಲಿಗೆ ಹತ್ತಿ ಹಾಕಬ್ಯಾಡ್ರಿ" ಅಂದರೆ ಜನ ತಲೆಯಾಡಿಸಿ, ಚಹಾ ಮುಗಿಸಿ, ಹೋಗಿ ಅದೇ ಮೂಲೆಗೆ ಹತ್ತಿ ಹಾಕುತ್ತಿದ್ದರು. ಐದು ವರ್ಷದ ಹಿಂದೆ ಒಂದು ದಿನ ಮಾಳಮ್ಮ ಬಾಯಿ ಮುಚ್ಚಿದರು. ಇನ್ನು ಹೊಲ ತೋರಿಸಿ ಶುಲ್ಕ ಕೊಟ್ಟವರಿಗೆ ಮಾತ್ರ ಸಲಹೆ ಎಂದು ಸಾರಿದರು.

"ಮಾತಿಗೆ ರೊಕ್ಕ ಕೊಡೂ ಹುಚ್ಚ ಯಾವನದಾನ?" ಎಂದರು ಹಣಮಂತ್ರಾಯ.

"ವಕೀಲಗ ಕೊಡ್ತೀರಲ್ಲ. ಅವನೇನು ಮಾತಿನ ಜೋಡಿ ಹಾಲೂ ಕೊಡ್ತಾನೇನು?"

ಬಾಯಿ ಮುಚ್ಚಿದ ಮೇಲೆ ಊರಿಗೆ ಅನುಮಾನ ಹತ್ತಿತು. ಇಷ್ಟು ದಿನ ಸುಮ್ಮನೆ ಹೇಳುತ್ತಿದ್ದವಳು ಈಗ ಹೇಳುವುದಿಲ್ಲ ಎಂದರೆ ಏನೋ ಗೊತ್ತಿರಲೇಬೇಕು! ತಿಂಗಳೊಳಗೆ ಇಬ್ಬರು ಮನೆಗೆ ಬಂದರು.

ಪ್ರಚಾರದ ಹೊಣೆ ಸುರಪುರದ ಸರದಾರಸಾಬರಿಗೆ ಬಿತ್ತು. ಬೋರ್ಡು ಬರೆಯುವುದು, ಕಾರ್ಡು ಛಾಪಿಸುವುದು ಅವರ ಕಸುಬು. 'ಮಾಳಮ್ಮ ಹಣಮಂತ್ರಾಯ, ಭೂಮಿ ಸಲಹೆಗಾರರು' ಎಂದು ಹಳದಿ ತಗಡಿನ ಮೇಲೆ ಕೆಂಪು ಅಕ್ಷರ ಚೆಂದವಾಗಿಯೇ ಬಂತು, ಮನೆ ಮುಂದಿನ ಬೇವಿನ ಮರಕ್ಕೆ ಏರಿತು. ತೊಂದರೆಯಾದದ್ದು ಕಾರ್ಡಿನಲ್ಲಿ. ಕಂಪ್ಯೂಟರಿನಲ್ಲಿ ಸಿಕ್ಕ ಕುರಿಯ ಚಿತ್ರ ಪರದೇಶದ್ದು, ಮೈತುಂಬ ಬಿಳಿ ಉಣ್ಣೆಯ ಉಂಡೆ.

"ಇದ್ಯಾವ ಊರ ಕುರಿ ಸಾಹೇಬ್ರ? ಹಾಸಿಗಿ ಸುತಗೊಂಡು ಕುಂತೈತಲ್ಲ."

"ಕುರಿ ಅಂದ್ರ ಕುರಿ ಬಿಡವ್ವಾ. ಜನಕ್ಕ ಗುರ್ತು ಸಿಕ್ರ ಸಾಕು."

"ನಮ್ಮ ದೊಡ್ಡಾಕಿ ನೋಡಿದ್ರ ಕೆಲಸಾ ಬಿಟ್ಟು ಹೋಗ್ತಾಳ."

ಕೊನೆಗೆ ಚಿತ್ರವಿಲ್ಲದೆ ಇನ್ನೂರು ಕಾರ್ಡು. ಮಾಳಮ್ಮನಿಗೆ ಓದಲು ಬಾರದು. ಕಾರ್ಡು ಉಲ್ಟಾ ಆಗದಿರಲೆಂದು ಮೇಲಿನ ತುದಿಗೆ ತಾವೇ ಅರಿಶಿನದ ಬೊಟ್ಟು ಇಟ್ಟು ಕೊಡುತ್ತಾರೆ.

ಮೊದಲ ಪೆಟ್ಟು ಬಿದ್ದದ್ದು ಎರಡನೇ ವರ್ಷ. ಕಕ್ಕೇರಾದವನೇ ಆದ ತಾಯಪ್ಪನ ಹೊಲದಲ್ಲಿ ಮೇ ತಿಂಗಳಲ್ಲಿ ಕುರಿ ಬಿಟ್ಟರು. ಏಳೂ ಕುರಿ ಇಡೀ ಹೊಲದ ತುಂಬ ಕಾಲು ಚಾಚಿ ಮಲಗಿದವು. "ನೆಲ ಚಲೋ ಐತಿ, ಹಾಕ್ರಿ ಹತ್ತಿ" ಎಂದರು ಮಾಳಮ್ಮ. ದಸರೆಯ ಹೊತ್ತಿಗೆ ಅರ್ಧ ಹೊಲದ ಹತ್ತಿ ಕೊಳೆಯಿತು. "ಮಾಳವ್ವನ ಕುರಿಗೆ ನಿದ್ದಿ ಬಂದಿತ್ತು, ಪಾಪ," ಎಂದು ತಾಯಪ್ಪ ಹೋಟೆಲ್ಲಿನಲ್ಲಿ ಎಲ್ಲರಿಗೂ ಹೇಳಿದ. ಮಾಳಮ್ಮ ಅವನ ಮನೆಗೆ ಹೋಗಿ ಶುಲ್ಕ ಹಿಂದಿರುಗಿಸಿದರು. ಎಂಟು ದಿನ ಊಟ ಸೇರಲಿಲ್ಲ. ಒಂಬತ್ತನೇ ದಿನ ಹೊಳೆಯಿತು: ಮೇ ತಿಂಗಳಲ್ಲಿ ಕಾಲುವೆ ಬಂದ್! ನೀರೇ ಇಲ್ಲದಾಗ ಅಡಿಯ ತಂಪು ಎಲ್ಲಿಂದ ಬರಬೇಕು?

"ಕುರಿದು ತಪ್ಪಿಲ್ರಿ. ಅದು ಅವತ್ತಿನ ನೆಲ ಹೇಳ್ತು. ನಾ ವರ್ಷದ ನೆಲ ಅಂತ ತಿಳಕೊಂಡೆ."

ಅಂದಿನಿಂದ ಪ್ರತಿ ಹೊಲಕ್ಕೂ ಎರಡು ಭೇಟಿ. ಕಾಲುವೆ ನಿಂತಾಗೊಮ್ಮೆ, ಕಾಲುವೆ ಹರಿಯುವಾಗೊಮ್ಮೆ. ಜೊತೆಗೆ ಹೋಟೆಲ್ಲಿನ ಮುಂದೆ ಒಂದು ಮಾತು: "ಇನ್ನೊಮ್ಮೆ ತಪ್ಪಿದ್ರ ಬೋರ್ಡ ನಾನ ಇಳಸ್ತೀನಿ." ಕಳೆದ ವರ್ಷ ಹದಿನೇಳು ಹೊಲ ನೋಡಿದ್ದಾರೆ. ದೂರದ ಊರಾದರೆ ಏಳೂ ಕುರಿ ಮೂರು ಗಾಲಿಯ ಟಂಟಂನಲ್ಲಿ ಹೋಗುತ್ತವೆ. ದೊಡ್ಡಾಕಿ ಚಾಲಕನ ಬೆನ್ನ ಹಿಂದೆಯೇ ನಿಲ್ಲಬೇಕು, ಇಲ್ಲದಿದ್ದರೆ ಟಂಟಂ ಹೊರಡಲು ಬಿಡುವುದಿಲ್ಲ.

ಹಾಗೆ ಬಂದದ್ದೇ ದೋರನಹಳ್ಳಿಗೆ, ಹೋದ ಶ್ರಾವಣದಲ್ಲಿ, ಎರಡನೇ ಭೇಟಿಗೆ. ಮರಿಲಿಂಗಪ್ಪನವರ ಕೆಳಗಿನ ಎರಡು ಎಕರೆ ಅವರ ಎಂಟು ಎಕರೆಯಲ್ಲೇ ಕಪ್ಪನೆಯ, ಚೆಲುವಾದ ನೆಲ. ಮೆಣಸಿನ ಸಸಿ ತಯಾರಿತ್ತು, ಆಳುಗಳಿಗೆ ಶುಕ್ರವಾರಕ್ಕೆ ಹೇಳಿಯಾಗಿತ್ತು. ಬೇಸಿಗೆಯಲ್ಲಿ ಅಲ್ಲೇ ಸುಖವಾಗಿ ಮಲಗಿದ್ದ ದೊಡ್ಡಾಕಿ ಈ ಸಲ ಎದ್ದು ನಡೆದಳು. ಮೇಲಿನವರ ಭತ್ತದ ನೀರು ಅಡಿಯಿಂದ ಬಸಿಯುತ್ತಿದೆ, ಬಸಿಗಾಲುವೆ ತೋಡುವವರೆಗೆ ಇಲ್ಲಿ ಮೆಣಸು ಬೇಡ ಎಂದರು ಮಾಳಮ್ಮ.

ಮೇಷ್ಟ್ರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪುಡಿ ಮಾಡಿ ತೋರಿಸಿದರು. ಒಣ ಮಣ್ಣು. "ನೋಡವ್ವಾ, ನಾ ಮೂವತ್ತೊಂದ ವರ್ಷ ಹುಡುಗರನ್ನ ಪಾಸು ಫೇಲು ಮಾಡೇನಿ. ಕುರಿ ಕೈಯಾಗ ಫೇಲ್ ಆಗೂ ವಯಸ್ಸಲ್ಲ ನಂದು."

"ಫೇಲ್ ಆಗಿದ್ದು ನೀವಲ್ರೀ ಸರ, ನೆಲ."

"ಹಂಗಾದ್ರ ಒಂದ ಎಕರೆ ನಿನ್ನ ಮಾತು, ಒಂದ ಎಕರೆ ನನ್ನ ಮಾತು." ಒಂದು ಎಕರೆ ಖಾಲಿ ಬಿಟ್ಟು, ಇನ್ನೊಂದಕ್ಕೆ ಮೆಣಸು ಹಚ್ಚಿ, ಮಾಳಮ್ಮನೊಡನೆ ಮಾತು ಬಿಟ್ಟರು.

ಆ ಮೂರು ತಿಂಗಳು ಮಾಳಮ್ಮನಿಗೆ ದಿನಾ ಅದೇ ಎಕರೆಯ ಕನಸು. ಕನಸಿನಲ್ಲಿ ಗಿಡಗಳು ಹಚ್ಚಗೆ ತೂಗುತ್ತವೆ, ಬೇರುಗಳು ಮಾತ್ರ ಮೀನಿನಂತೆ ಕೆಳಗಿನ ನೀರಿನಲ್ಲಿ ಈಜುತ್ತವೆ. ಎಚ್ಚರವಾದ ಮೇಲೂ ಅಂಗಾಲು ತಣ್ಣಗಿರುತ್ತಿತ್ತಂತೆ. "ಗಿಡ ಬದುಕಲಿ ಅಂದ್ರ ನನ್ನ ಬೋರ್ಡ ಹೋಗ್ತೈತಿ. ಸಾಯಲಿ ಅನ್ನಾಕ ಬಾಯಿ ಬರಂಗಿಲ್ಲ. ಯಾವ ದೇವರಿಗೆ ಏನಂತ ಬೇಡಬೇಕ್ರಿ?" ಬೇಡದೆಯೇ ಉಳಿದರು. ದೀಪಾವಳಿಗೆ ವಾರವಿರುವಾಗ ಮರಿಲಿಂಗಪ್ಪನವರು ಕೈಯಲ್ಲೊಂದು ಮೆಣಸಿನ ಗಿಡ ಹಿಡಿದು ಬಸ್ಸಿನಲ್ಲಿ ಕಕ್ಕೇರಾಕ್ಕೆ ಬಂದರು. ಎಲೆ ಬಾಡಿತ್ತು, ಬೇರು ಕರ್ರಗಾಗಿ ಜಾರುತ್ತಿತ್ತು. ಗಿಡವನ್ನು ಬೋರ್ಡಿನ ಕೆಳಗೆ ಇಟ್ಟು ಕೇಳಿದರು: "ಮುಂದೇನು ಮಾಡೂದು?"

ಮಾಳಮ್ಮನಿಗೆ ಗೆದ್ದ ಖುಷಿ ಆಗಲಿಲ್ಲ. ಗಿಡ ಕೈಗೆತ್ತಿಕೊಂಡು ಬೇರಿನ ಕೆಸರನ್ನು ಸೆರಗಿನಿಂದ ಒರೆಸಿದರು. "ತೋಡೂದ್ರಿ ಸರ," ಎಂದರು.

ಈ ವರ್ಷದ ಬೇಸಿಗೆಯಲ್ಲಿ ಹೊಲದ ಮೇಲ್ಗಡೆಯ ಬದುವಿನ ಉದ್ದಕ್ಕೂ ಸೊಂಟದಾಳದ ಬಸಿಗಾಲುವೆ ತೋಡಿ ಹಳ್ಳಕ್ಕೆ ಬಿಟ್ಟರು. ಗೆರೆ ಹಾಕಿದ್ದು ಮಾಳಮ್ಮ, ಕೋಲಿನಿಂದ ನೆಲ ಕೆರೆಯುತ್ತ. ಇಷ್ಟು ದಿನ ಬೇಡ ಎನ್ನುವುದಷ್ಟೇ ಅವರ ಸಲಹೆಯಾಗಿತ್ತು. ಕೆಟ್ಟ ನೆಲವನ್ನು ಸರಿ ಮಾಡಿಸಲು ಹೊರಟಿರುವುದು ಇದೇ ಮೊದಲು. ಆಗಿದೆಯೋ ಇಲ್ಲವೋ ಎಂಬುದನ್ನು ಇವತ್ತು ದೊಡ್ಡಾಕಿ ಹೇಳಬೇಕು. ಬಿಸಿಲು ಬೀಳುವತನಕ ಅವಳು ಮಲಗಿದ್ದಲ್ಲೇ ಇದ್ದರೆ ನಾಳೆ ಎರಡೂ ಎಕರೆಗೆ ಸಸಿ.

ತುಸು ದೂರದಲ್ಲಿ, ಮಂಜಿನ ಅಂಚಿಗೆ, ಮರಿಲಿಂಗಪ್ಪನವರು ಮಡಚಿದ ಕೊಡೆಯೂರಿ ನಿಂತಿದ್ದಾರೆ, ಮಗನ ಪರೀಕ್ಷೆಗೆ ಶಾಲೆಯ ಹೊರಗೆ ನಿಂತ ತಂದೆಯ ಹಾಗೆ. ಹತ್ತಿರ ಬನ್ನಿ ಎಂದರೂ ಬರುತ್ತಿಲ್ಲ. "ನಾ ಬಂದ್ರ ಬೆದರಿ ಏಳ್ತಾಳ. ಆಮ್ಯಾಲ ಅದರ ಮ್ಯಾಗೂ ನಮ್ಮಿಬ್ಬರದು ಜಗಳಾ," ಎಂದು ಅಲ್ಲಿಂದಲೇ ಪಿಸುಗುಡುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಮಾಳಮ್ಮ ಕುರಿಯ ಮೇಲಿಂದ ಕಣ್ಣು ತೆಗೆಯುವುದಿಲ್ಲ. "ಒಬ್ಬರಾದ್ರೂ ಮೊದಲ ಕೇಳಿ, ಕೇಳಿದಂಗ ಮಾಡಿ, ಏನೂ ಆಗಬಾರದ್ರಿ. ಏನೂ ಆಗಲಿಲ್ಲ ಅಂತ ಹೇಳಾಕ ಯಾರೂ ಬಸ್ ಹತ್ತಿ ಬರಂಗಿಲ್ಲ. ಬರದಿದ್ರೂ ನಡೀತೈತಿ."

ಮಂಜು ಕರಗುತ್ತದೆ. ಹಣಮಂತ್ರಾಯ ಎದ್ದು ಕೌದಿ ಮಡಚುತ್ತಾರೆ. ಬಿಸಿಲು ಮೊದಲು ಭತ್ತದ ಗದ್ದೆಗೆ, ಆಮೇಲೆ ಬಸಿಗಾಲುವೆಯಲ್ಲಿ ಹರಿಯುವ ಎಳೆ ನೀರಿಗೆ, ಆಮೇಲೆ ಕೆಳಗಿನ ಎರಡು ಎಕರೆಗೆ ಬೀಳುತ್ತದೆ.

ದೊಡ್ಡಾಕಿ ಏಳಲಿಲ್ಲ.